ಮಗುವಿನ ನಿದ್ದೆ ಕಾಯುವ ವಿದ್ಯೆ

ಆಸ್ಪತ್ರೆಯ ಚರಿತ್ರೆ ಬರೆಯಹೊರಟವರು ಮೊದಲು ಓದುವುದು ಗೋಡೆಯ ಮೇಲಿನ ಕಲ್ಲನ್ನು. ಅಡಿಗಲ್ಲು ಇಟ್ಟವರು ಯಾರು, ಬಾಗಿಲು ತೆರೆದದ್ದು ಯಾವ ವರ್ಷ, ಹಾಸಿಗೆ ಎಷ್ಟು ಎಂಬುದೆಲ್ಲ ಅಲ್ಲಿರುತ್ತದೆ. ಆಪರೇಷನ್ ಮಾಡಿದ ಸರ್ಜನ್ನರ ಹೆಸರು ಊರವರ ಬಾಯಲ್ಲಿ ಉಳಿಯುತ್ತದೆ. ಹೆರಿಗೆ ಮಾಡಿಸಿದ ಡಾಕ್ಟರಮ್ಮನನ್ನು ಎರಡು ತಲೆಮಾರು ನೆನೆಯುತ್ತದೆ. ಅರಿವಳಿಕೆಯ ಮತ್ತು ಕೊಟ್ಟ ಡಾಕ್ಟರು ಯಾರು ಎಂದು ಕೇಳಿ ನೋಡಿ, ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ರೋಗಿ ಗಾಬರಿಯಲ್ಲಿರುವಾಗ ಬರುವ, ಮಂಪರಿನಲ್ಲಿರುವಾಗ ಹೊರಟುಹೋಗುವ ವೈದ್ಯರು ಅವರು.

ಈ ಸಂಚಿಕೆಗೆ ನಾನು ಆರಿಸಿಕೊಂಡದ್ದು ಅವರೊಳಗೂ ಇನ್ನೂ ಚಿಕ್ಕದಾದ ಒಂದು ಗುಂಪನ್ನು: ಮಕ್ಕಳ ಅರಿವಳಿಕೆ ತಜ್ಞರನ್ನು, ಅವರನ್ನು ತಯಾರು ಮಾಡುವ ಫೆಲೋಶಿಪ್ ತರಬೇತಿಯನ್ನು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ನಿಂತು ನೋಡುವವರಿಗೆ ಈ ವಿದ್ಯೆ ಬಹುಕಾಲ ಬೇರೆ ಊರಿನ ಸ್ವತ್ತಾಗಿತ್ತು. ಬೋಸ್ಟನ್ನಿನಲ್ಲಿ, ಲಿವರ್‌ಪೂಲಿನಲ್ಲಿ ಬೆಳೆದು, ಬೆಂಗಳೂರಿಗೆ ಬಂದು ಒಂದು ರೂಪ ಪಡೆದು, ಮೈಸೂರಿನವರೆಗೂ ಮಂಡ್ಯದವರೆಗೂ ನಿಧಾನವಾಗಿ ಬಂದಿದೆ. ಹಾಗಾಗಿ ಇದರ ಚರಿತ್ರೆಯನ್ನು ಇಸವಿಗಳಿಂದ ಅಳೆಯುವುದರ ಜೊತೆಗೆ ಇನ್ನೊಂದು ರೀತಿಯಲ್ಲೂ ಅಳೆಯಬೇಕು. ಕಾಯಿಲೆಯ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತಾಯಿ ಎಷ್ಟು ದೂರ ಹೋಗಬೇಕಾಯಿತು ಎಂಬುದು ಆ ಅಳತೆ.

ಶಸ್ತ್ರಚಿಕಿತ್ಸೆಯ ಜಾಗತಿಕ ಚರಿತ್ರೆಗೆ ಶ್ರೀರಂಗಪಟ್ಟಣದ ನಂಟು ಹಳೆಯದು. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ ಕೋವಸ್ಜಿ ಎಂಬ ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿಯವನು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯಲ್ಲಿ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಕಟ್ಟಿದ ಸುದ್ದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದರಿಂದ ಪ್ರೇರಣೆ ಪಡೆದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಕ್ರಿಯೆ ಮಾಡಿದರು. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಪುಸ್ತಕಗಳೆಲ್ಲ ಈ ಕಥೆ ಹೇಳುತ್ತವೆ. ಆದರೆ ಅಷ್ಟು ಹೊತ್ತು ಆ ಮನುಷ್ಯ ಮಿಸುಕದೆ ಹೇಗೆ ತಡೆದುಕೊಂಡ ಎಂದು ಬಹಳ ಮಂದಿ ಕೇಳುವುದಿಲ್ಲ. ಅರಿವಳಿಕೆ ಎಂಬುದು ಆಗ ಹುಟ್ಟಿರಲೇ ಇಲ್ಲ. ದೊಡ್ಡವನು ಹಲ್ಲು ಕಚ್ಚಿ ತಡೆದಾನು. ಸೀಳುತುಟಿಯ ಮೂರು ತಿಂಗಳ ಕೂಸನ್ನು ಹಾಗೆ ಕೂರಿಸಲಾದೀತೆ? ಒತ್ತಿ ಹಿಡಿದು, ಬಟ್ಟೆಯಲ್ಲಿ ಸುತ್ತಿ, ಕೈ ಆದಷ್ಟು ಬೇಗ ಓಡಿಸಿ ಮುಗಿಸುತ್ತಿದ್ದರು. ಮಗುವಿನ ಶಸ್ತ್ರಚಿಕಿತ್ಸೆಗೆ ಸರ್ಜನ್ನನ ಕೈಚಳಕಕ್ಕಿಂತ ಮೊದಲು ಬೇಕಾದದ್ದು ಸುರಕ್ಷಿತವಾದ ನಿದ್ದೆ.

ಆ ನಿದ್ದೆ 1846ರ ಅಕ್ಟೋಬರ್ 16ರಂದು ಬೋಸ್ಟನ್ನಿನಲ್ಲಿ ಈಥರ್ ರೂಪದಲ್ಲಿ ಸಾರ್ವಜನಿಕವಾಗಿ ಕಾಣಿಸಿಕೊಂಡಿತು. ಆರು ತಿಂಗಳೂ ಕಳೆಯುವ ಮುನ್ನ, 1847ರ ಮಾರ್ಚ್ 22ರಂದು, ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಬಳಕೆಯಾಯಿತು. ಆ ಕಾಲದ ಹಡಗಿನ ವೇಗವನ್ನು ನೆನೆದರೆ ಇದು ಅಚ್ಚರಿಯ ಸಂಗತಿ. ಅದೇ ವರ್ಷದ ಕೊನೆಗೆ ಕ್ಲೋರೋಫಾರ್ಮ್ ಬಂತು. ಅದು ಬಂದ ಕೆಲವೇ ವಾರಗಳಲ್ಲಿ, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕಾಸಲ್ ಬಳಿ ಕಾಲಿನ ಉಗುರು ತೆಗೆಯಲು ಕ್ಲೋರೋಫಾರ್ಮ್ ಕೊಟ್ಟಾಗ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ತೀರಿಕೊಂಡಳು. ಅರಿವಳಿಕೆಯಿಂದ ಆದ ಸಾವು ಎಂದು ದಾಖಲಾದ ಮೊದಲ ಹೆಸರೇ ಒಬ್ಬ ಬಾಲಕಿಯದು. ಚಿಕ್ಕ ಕೆಲಸಕ್ಕೆ ಚಿಕ್ಕ ಮತ್ತು ಸಾಕು, ಯಾರು ಕೊಟ್ಟರೂ ಆದೀತು ಎಂಬ ನಂಬಿಕೆಗೆ ಅಂದೇ ಪೆಟ್ಟು ಬಿದ್ದಿತ್ತು. ಆ ನಂಬಿಕೆ ಪೂರ್ತಿ ಸಾಯಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ನಮ್ಮ ನೆರೆಯ ಹೈದರಾಬಾದಿನಲ್ಲಿ ನಿಜಾಮರ ಹಣದಿಂದ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕೂತು, ಉಸಿರಾಟದ ಮೇಲೆ ಕಣ್ಣಿಟ್ಟರೆ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲ ಎಂದವು. ಹೃದಯದ ಬಗ್ಗೆ ಹೇಳಿದ್ದು ತಪ್ಪೆಂದು ಮುಂದೆ ಸಾಬೀತಾಯಿತು. ಉಸಿರಾಟದ ಮೇಲೆ ಕಣ್ಣಿಡಿ ಎಂದದ್ದು ಮಕ್ಕಳ ವಿಷಯದಲ್ಲಿ ಇಂದಿಗೂ ಮೊದಲ ಪಾಠ.

ಮಕ್ಕಳ ಅರಿವಳಿಕೆ ಒಂದು ಬೇರೆ ವಿದ್ಯೆಯಾಗಿ ಕುಡಿಯೊಡೆದದ್ದು 20ನೇ ಶತಮಾನದ ಮಧ್ಯಕ್ಕೆ. 1937ರಲ್ಲಿ ನ್ಯೂಕಾಸಲ್ಲಿನ ಫಿಲಿಪ್ ಏಯರ್ ಕವಾಟಗಳಿಲ್ಲದ ಒಂದು ಸರಳ ‘ಟಿ’ ಆಕಾರದ ಕೊಳವೆಯನ್ನು ಬಳಕೆಗೆ ತಂದರು. ಎಳೆಗೂಸಿನ ಮೆತ್ತನೆಯ ಉಸಿರಿಗೆ ದೊಡ್ಡವರ ಯಂತ್ರದ ಕವಾಟ ತಳ್ಳುವ ಶಕ್ತಿ ಇರುವುದಿಲ್ಲ. ಆ ಶ್ರಮವನ್ನೇ ತೆಗೆದುಹಾಕಿದ ಸಾಧನ ಅದು. 1950ರಲ್ಲಿ ಲಿವರ್‌ಪೂಲಿನ ಜಾಕ್ಸನ್ ರೀಸ್ ಅದರ ತುದಿಗೆ ಬಾಯಿ ತೆರೆದ ಒಂದು ಚೀಲ ಸೇರಿಸಿದರು. ಆ ಚೀಲವನ್ನು ಬೆರಳುಗಳ ನಡುವೆ ಹಿಡಿದರೆ ಮಗುವಿನ ಪ್ರತಿ ಉಸಿರೂ ಅಂಗೈಗೆ ತಿಳಿಯುತ್ತದೆ. ಇಂದು ಕರ್ನಾಟಕದ ಯಾವ ಆಪರೇಷನ್ ಥಿಯೇಟರಿಗೆ ಹೋದರೂ ಗೋಡೆಯ ಮೊಳೆಗೋ ಟ್ರಾಲಿಯ ಅಂಚಿಗೋ ತೂಗುಹಾಕಿರುವ ‘ಜೆ.ಆರ್. ಸರ್ಕ್ಯೂಟ್’ ಇದೇ. ಅತ್ತ ಬೋಸ್ಟನ್ನಿನಲ್ಲಿ 1938ರಲ್ಲಿ ರಾಬರ್ಟ್ ಗ್ರಾಸ್ ಏಳು ವರ್ಷದ ಹುಡುಗಿಯ ಹೃದಯದ ಪಕ್ಕದ ರಕ್ತನಾಳವನ್ನು ಕಟ್ಟಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ದಾರಿ ತೆರೆದಾಗ, ತಲೆಯ ಬಳಿ ಕೂತು ಅವಳ ಉಸಿರು ಕಾಯ್ದವರು ಬೆಟ್ಟಿ ಲ್ಯಾಂಕ್ ಎಂಬ ನರ್ಸ್. ಗ್ರಾಸ್ ಹೆಸರು ಎಲ್ಲ ಪಠ್ಯಗಳಲ್ಲಿದೆ. ಲ್ಯಾಂಕ್ ಹೆಸರಿಗೆ ಹುಡುಕಬೇಕು.

ಇವರೆಲ್ಲರಿಗಿಂತ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಭಾರತದಿಂದ ಹೋದ ಒಬ್ಬ ವೈದ್ಯರ ಕೆಲಸ. ನವಜಾತ ಶಿಶುವಿನ ನರಮಂಡಲ ಇನ್ನೂ ಬಲಿತಿಲ್ಲ, ಅದಕ್ಕೆ ನೋವು ಅಷ್ಟಾಗಿ ತಿಳಿಯದು ಎಂಬುದು 1980ರ ದಶಕದವರೆಗೂ ವೈದ್ಯಲೋಕದಲ್ಲಿ ಬೇರುಬಿಟ್ಟಿದ್ದ ಮಾತು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಸ್ನಾಯು ಸಡಿಲಿಸುವ ಮದ್ದು ಕೊಟ್ಟು, ನೋವಿನ ಮದ್ದನ್ನು ತೀರಾ ಕಡಿಮೆ ಕೊಟ್ಟು ಎದೆ ತೆರೆಯುತ್ತಿದ್ದರು. ಮದ್ದು ಹೆಚ್ಚಾದರೆ ಕೂಸು ತಾಳಲಾರದು ಎಂಬ ಭಯವೂ ಅದರ ಹಿಂದಿತ್ತು. ಆಕ್ಸ್‌ಫರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಕನ್ವಲ್‌ಜೀತ್ ಸಿಂಗ್ ಆನಂದ್ ಅಂಥ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳನ್ನು ಅಳೆದರು. ಫೆಂಟನಿಲ್ ಎಂಬ ನೋವುನಿವಾರಕ ಪಡೆದ ಕೂಸುಗಳಲ್ಲಿ ಆ ಒತ್ತಡ ಬಹಳ ಕಡಿಮೆ, ಆಪರೇಷನ್ ನಂತರದ ತೊಂದರೆಗಳೂ ಕಡಿಮೆ ಎಂದು 1987ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತೋರಿಸಿದರು. ಹಸುಗೂಸಿಗೂ ನೋವಿದೆ ಎಂದು ನಮ್ಮ ಹಳ್ಳಿಯ ಯಾವ ಅಜ್ಜಿಯಾದರೂ ಹೇಳುತ್ತಿದ್ದಳು. ಅದನ್ನು ಅಂಕಿಯಲ್ಲಿ ಬರೆದು ತೋರಿಸುವವರೆಗೆ ವಿಜ್ಞಾನ ಒಪ್ಪಲಿಲ್ಲ. ಒಪ್ಪಿದ ಮೇಲೆ ಮಕ್ಕಳ ಅರಿವಳಿಕೆಯ ಇಡೀ ಕ್ರಮವೇ ಬದಲಾಯಿತು.

ಮಗು ದೊಡ್ಡವರ ಸಣ್ಣ ಅಚ್ಚಲ್ಲ ಎಂಬುದು ಮಕ್ಕಳ ವೈದ್ಯರೆಲ್ಲರೂ ಮೊದಲ ದಿನ ಕೇಳುವ ಮಾತು. ಥಿಯೇಟರಿನಲ್ಲಿ ಅದರ ಅರ್ಥ ಏನು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬೇರೆ ತರಬೇತಿ ಏಕೆ ಬೇಕು ಎಂಬುದಕ್ಕೆ ಉತ್ತರ ಅಲ್ಲೇ ಇದೆ. ತೂಕಕ್ಕೆ ಹೋಲಿಸಿದರೆ ನವಜಾತ ಶಿಶು ದೊಡ್ಡವರಿಗಿಂತ ಸುಮಾರು ಎರಡು ಪಟ್ಟು ಆಮ್ಲಜನಕ ಬಳಸುತ್ತದೆ. ಶ್ವಾಸಕೋಶದಲ್ಲಿ ಕೂಡಿಟ್ಟುಕೊಂಡದ್ದು ಮಾತ್ರ ಕಡಿಮೆ. ಹಾಗಾಗಿ ಉಸಿರು ನಿಂತರೆ ದೊಡ್ಡವರಲ್ಲಿ ಸಿಗುವ ನಿಮಿಷಗಳು ಇಲ್ಲಿ ಸಿಗುವುದಿಲ್ಲ, ಕೂಸು ಕ್ಷಣಗಳಲ್ಲಿ ನೀಲಿಯಾಗುತ್ತದೆ, ಅದರ ಬೆನ್ನಿಗೇ ನಾಡಿ ಬೀಳುತ್ತದೆ. ನಾಲಿಗೆ ದೊಡ್ಡದು, ಗಂಟಲಗೂಡು ಮೇಲೆ ಇರುತ್ತದೆ, ತಲೆಯ ಹಿಂಭಾಗ ಉಬ್ಬಿರುವುದರಿಂದ ಮಲಗಿಸಿದರೆ ಕತ್ತು ತಾನಾಗಿ ಮಡಚಿಕೊಳ್ಳುತ್ತದೆ. ಉಸಿರುನಾಳಕ್ಕೆ ಹಾಕುವ ಕೊಳವೆಯ ಅಳತೆ ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆಯಾದರೂ ತೊಂದರೆ. ಮೂರು ಕೆ.ಜಿ. ತೂಕದ ಕೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿ 250 ಮಿಲಿಲೀಟರಿನ ಆಸುಪಾಸು, ಮನೆಯ ಎರಡು ಸಣ್ಣ ಲೋಟ ಕಾಫಿಯಷ್ಟು. ನೆನೆದ ಹತ್ತಿಯುಂಡೆಗಳನ್ನು ಎಣಿಸುತ್ತಾ ಕೂರಬೇಕಾದ ಕೆಲಸ ಇದು. ಥಿಯೇಟರಿನ ತಂಪು ಸರ್ಜನ್ನರಿಗೆ ಹಿತ, ಕೂಸಿಗೆ ಅಪಾಯ. ಅದು ನಡುಗಿ ಬಿಸಿ ಮಾಡಿಕೊಳ್ಳಲಾರದು.

ಇಷ್ಟನ್ನು ಎಂ.ಡಿ. ಓದುವಾಗಲೇ ಎಲ್ಲ ಅರಿವಳಿಕೆ ವೈದ್ಯರೂ ಓದಿರುತ್ತಾರೆ. ಓದಿದ್ದು ಕೈಗೆ ಇಳಿಯುವುದು ಬೇರೆ ವಿಷಯ. ಯುರೋಪಿನ 33 ದೇಶಗಳ 261 ಆಸ್ಪತ್ರೆಗಳಲ್ಲಿ 30 ಸಾವಿರಕ್ಕೂ ಹೆಚ್ಚು ಮಕ್ಕಳ ಅರಿವಳಿಕೆಗಳನ್ನು ಗಮನಿಸಿದ ‘ಏಪ್ರಿಕಾಟ್’ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನೂರಕ್ಕೆ 5.2ರಷ್ಟು ಸಂದರ್ಭಗಳಲ್ಲಿ ಗಂಭೀರ ಘಟನೆಗಳು ನಡೆದಿದ್ದವು. ಮಗು ಚಿಕ್ಕದಾದಷ್ಟೂ ಅಪಾಯ ಹೆಚ್ಚು, ತಂಡದ ಹಿರಿಯರಿಗೆ ಮಕ್ಕಳ ಅನುಭವ ಹೆಚ್ಚಾದಷ್ಟೂ ಅಪಾಯ ಕಡಿಮೆ ಎಂದು ಅದು ಕಂಡಿತು. ಅಷ್ಟು ಸಿರಿವಂತ ದೇಶಗಳಲ್ಲೇ ಹೀಗಿದ್ದರೆ, ವಾರಕ್ಕೆ ಒಂದೆರಡು ಮಕ್ಕಳನ್ನು ಮಾತ್ರ ನೋಡುವ ನಮ್ಮ ಜಿಲ್ಲೆಯ ಅರಿವಳಿಕೆ ವೈದ್ಯರ ಎದೆ ಹೇಗೆ ಹೊಡೆದುಕೊಳ್ಳುತ್ತಿರಬೇಕು ಎಂದು ನಾನು ಯೋಚಿಸುತ್ತೇನೆ.

ಈಗ ನಮ್ಮ ಸೀಮೆಗೆ ಬರೋಣ. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರ ಜುಲೈ 1ರಂದು. ಅದಕ್ಕೆ ಮುಂಚೆ ಈ ತಾಲ್ಲೂಕುಗಳೆಲ್ಲ ಮೈಸೂರು ಜಿಲ್ಲೆಯವೇ, ದೊಡ್ಡ ಕಾಯಿಲೆಗೆ ಮುಖ ಮಾಡುತ್ತಿದ್ದುದೂ ಮೈಸೂರಿಗೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1924ರಲ್ಲಿ, ಮೈಸೂರು ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ಕೆ.ಆರ್. ಆಸ್ಪತ್ರೆ, ಅದರ ಮಗ್ಗುಲಲ್ಲಿ ಹೆಂಗಸರು ಮಕ್ಕಳಿಗೆಂದೇ ಇರುವ ಚೆಲುವಾಂಬ ಆಸ್ಪತ್ರೆ ಅದರ ಕಲಿಕೆಯ ನೆಲ. 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’, ಇನ್ನೊಂದು ಆಸರೆ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹದಿನಾರು ಕಿಲೋಮೀಟರ್, ಅದೇನು ದೂರವಲ್ಲ. ಕೆ.ಆರ್. ಪೇಟೆಯ, ನಾಗಮಂಗಲದ ಒಳಹಳ್ಳಿಗಳಿಗೆ ಅದು ಒಂದು ದಿನದ ಕೆಲಸ. ಕೂಲಿ ಹೋಗುತ್ತದೆ, ಮನೆಯಲ್ಲಿರುವ ಇನ್ನೆರಡು ಮಕ್ಕಳನ್ನು ಯಾರ ಬಳಿಯೋ ಬಿಡಬೇಕಾಗುತ್ತದೆ. ಶತಮಾನ ತುಂಬಿದ ಮೈಸೂರು ಕಾಲೇಜಿನಿಂದ ಹೊರಟ ವೈದ್ಯರೇ ಮಂಡ್ಯ ಜಿಲ್ಲೆಯ ಆಸ್ಪತ್ರೆಗಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಆದರೆ ಆಗ ಮಕ್ಕಳಿಗೆಂದೇ ಅರಿವಳಿಕೆ ತಜ್ಞ ಎಂಬ ವರ್ಗ ಇರಲಿಲ್ಲ. ಭಾರತೀಯ ಅರಿವಳಿಕೆ ತಜ್ಞರ ಸಂಘ ಸ್ಥಾಪನೆಯಾದದ್ದೇ 1947ರಲ್ಲಿ. ಅರಿವಳಿಕೆಯನ್ನೇ ಒಂದು ಪೂರ್ಣ ವೃತ್ತಿಯೆಂದು ಒಪ್ಪಿಸುವುದು ಅಂದಿನ ಹೋರಾಟ, ಅದರೊಳಗಿನ ಕವಲುಗಳ ಮಾತು ಆಮೇಲಿನದು.

1980ರ ದಶಕದ ಮಧ್ಯದಲ್ಲಿ ಒಂದು ದೊಡ್ಡ ಪಲ್ಲಟವಾಯಿತು. 1974ರಲ್ಲಿ ಪೀಠಕ್ಕೆ ಬಂದ ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿ, ಮಳೆಯನ್ನೇ ನೆಚ್ಚಿದ ನಾಗಮಂಗಲ ತಾಲ್ಲೂಕಿನಲ್ಲಿ ಬೆಳ್ಳೂರು ಕ್ರಾಸಿನ ಹತ್ತಿರ ವೈದ್ಯಕೀಯ ಕಾಲೇಜನ್ನೂ ಆಸ್ಪತ್ರೆಯನ್ನೂ ತೆರೆದರು. ಆ ಜಾಗ ಅವರ ಹೆಸರಿನಿಂದಲೇ ಬಿ.ಜಿ. ನಗರವಾಯಿತು. ಖಾಸಗಿ ವೈದ್ಯಕೀಯ ಕಾಲೇಜುಗಳು ನಗರಗಳ ಅಂಚಿನಲ್ಲಿ ಜಾಗ ಹುಡುಕುವಾಗ, ರಾಗಿ ಹುರುಳಿ ಬೆಳೆಯುವ ಬಯಲಿನ ನಡುವೆ ಬೋಧನಾ ಆಸ್ಪತ್ರೆ ಕಟ್ಟಿದ್ದು ನಮ್ಮ ಜಿಲ್ಲೆಯ ವೈದ್ಯಕೀಯ ಚರಿತ್ರೆಯ ಬಹುದೊಡ್ಡ ನಿರ್ಧಾರ ಎಂದೇ ನನ್ನ ಎಣಿಕೆ. ಹೆದ್ದಾರಿಯ ಪಕ್ಕದಲ್ಲಿರುವುದರಿಂದ ಅಪಘಾತದ ಗಾಯಾಳುಗಳು, ಹಳ್ಳಿಗಳ ನಡುವೆ ಇರುವುದರಿಂದ ಹಾವು ಕಡಿದವರು, ಸುಟ್ಟಗಾಯದ ಮಕ್ಕಳು ಅಲ್ಲಿಗೆ ಬರುತ್ತಾರೆ. ಅರಿವಳಿಕೆಯಲ್ಲಿ ಎಂ.ಡಿ. ಮಾಡುವ ಕಿರಿಯರು ಮಗುವಿನ ಮುಖಕ್ಕೆ ಮೊದಲ ಬಾರಿ ಮಾಸ್ಕ್ ಹಿಡಿಯುವುದನ್ನು ಕಲಿಯುವುದು ಇಂಥ ಕಡೆಯೇ. 2018ರಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯ ರೂಪುಗೊಂಡ ಮೇಲೆ ಹೊಸ ಕೋರ್ಸುಗಳ ಬಗ್ಗೆ ಯೋಚಿಸುವ ಸ್ವಾತಂತ್ರ್ಯವೂ ಈ ಆವರಣಕ್ಕೆ ಸಿಕ್ಕಿತು. ಈ ಮಧ್ಯೆ ಮಂಡ್ಯದ ಜಿಲ್ಲಾ ಆಸ್ಪತ್ರೆಯನ್ನು ನೆಲೆಯಾಗಿಸಿಕೊಂಡು 2005-06ರ ಹೊತ್ತಿಗೆ ಸರ್ಕಾರದ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಮ್ಮವರ ಬಾಯಲ್ಲಿ ‘ಮಿಮ್ಸ್’, ಬಂತು. ನಾಲ್ಕು ತಾಲ್ಲೂಕುಗಳವರಿಗೆ ಈಗ ಜಿಲ್ಲೆಯಲ್ಲೇ ಎರಡು ಬೋಧನಾ ಆಸ್ಪತ್ರೆಗಳಿವೆ. ದಕ್ಷಿಣಕ್ಕೆ ಮೈಸೂರು ಇದ್ದೇ ಇದೆ.

ಮಕ್ಕಳ ಅರಿವಳಿಕೆಯ ವಿಶೇಷ ತರಬೇತಿ ಮಾತ್ರ ಬೆಂಗಳೂರಿನಲ್ಲಿ ಬೇರೂರಿತು. ಅದಕ್ಕೆ ಕಾರಣ ಸರಳ. ದಿನಾ ಬೆಳಗ್ಗೆ ಮಕ್ಕಳದೇ ಆಪರೇಷನ್ ಪಟ್ಟಿ ಇರುವ ಕಡೆ ಮಾತ್ರ ಇದನ್ನು ಕಲಿಸಲು ಸಾಧ್ಯ. ವಾಣಿವಿಲಾಸ ಆಸ್ಪತ್ರೆ 1935ರಿಂದ ತಾಯಿ ಮಕ್ಕಳನ್ನು ನೋಡುತ್ತ ಬಂದಿತ್ತು. 1991ರಲ್ಲಿ ನಿಮ್ಹಾನ್ಸ್ ಪಕ್ಕದಲ್ಲಿ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಶುರುವಾದ ಮೇಲೆ ಮಕ್ಕಳ ಶಸ್ತ್ರಚಿಕಿತ್ಸೆ ಒಂದೇ ಸೂರಿನಡಿ ಬಂತು. ರಾಜ್ಯದ ಮೂಲೆಮೂಲೆಯಿಂದ, ಮಂಡ್ಯದಿಂದಲೂ, ಕೂಸುಗಳು ಅಲ್ಲಿಗೆ ಹೋದವು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿತು. ಅದು ಮುಂದೆ ಸೂಪರ್ ಸ್ಪೆಷಾಲಿಟಿ ಪದವಿಗಿಂತ ಚಿಕ್ಕದಾದ, ಕೈಕೆಲಸಕ್ಕೆ ಹೆಚ್ಚು ಒತ್ತು ಕೊಡುವ ಫೆಲೋಶಿಪ್‌ಗಳನ್ನು ಶುರುಮಾಡಿತು. ಮಕ್ಕಳ ಅರಿವಳಿಕೆಗೂ ಅದರಲ್ಲಿ ಜಾಗ ಸಿಕ್ಕಿತು, ಇಂದಿರಾಗಾಂಧಿ ಸಂಸ್ಥೆ ಅದಕ್ಕೆ ಸಹಜವಾದ ಮನೆಯಾಯಿತು. ರಾಷ್ಟ್ರಮಟ್ಟದಲ್ಲಿ ಭಾರತೀಯ ಮಕ್ಕಳ ಅರಿವಳಿಕೆ ತಜ್ಞರ ಸಂಘ ತನ್ನದೇ ಫೆಲೋಶಿಪ್ ನಡೆಸುತ್ತದೆ. ಕೆಲವು ದೊಡ್ಡ ಸಂಸ್ಥೆಗಳಲ್ಲಿ ಮೂರು ವರ್ಷದ ಡಿ.ಎಂ. ಪದವಿಯೂ ಬಂದಿದೆ. ಅಮೆರಿಕದಲ್ಲೂ ಈ ಫೆಲೋಶಿಪ್‌ಗೆ ಅಧಿಕೃತ ಮಾನ್ಯತೆ ಬಂದದ್ದು 1997ರಲ್ಲಿ, ಪ್ರತ್ಯೇಕ ಪರೀಕ್ಷೆ ಶುರುವಾದದ್ದು 2013ರಲ್ಲಿ. ಆ ಲೆಕ್ಕದಲ್ಲಿ ನಾವು ತೀರಾ ಹಿಂದೆ ಬಿದ್ದವರಲ್ಲ.

ಫೆಲೋ ಆಗಿ ಸೇರುವವರು ಆಗಲೇ ಮೂರು ವರ್ಷದ ಎಂ.ಡಿ. ಅಥವಾ ಡಿ.ಎನ್.ಬಿ. ಮುಗಿಸಿರುತ್ತಾರೆ. ಒಂದು ವರ್ಷ ಅಥವಾ ಅದಕ್ಕಿಂತ ತುಸು ಹೆಚ್ಚು ಕಾಲ ಬರೀ ಮಕ್ಕಳು. ಹುಟ್ಟುವಾಗಲೇ ಅನ್ನನಾಳ ಉಸಿರುನಾಳಗಳು ಒಂದಕ್ಕೊಂದು ಬೆಸೆದಿರುವ ಕೂಸು, ವಪೆಯಲ್ಲಿ ತೂತಾಗಿ ಕರುಳೆಲ್ಲ ಎದೆಗೆ ಏರಿದ ಕೂಸು, ಸೀಳುತುಟಿ, ಬೆನ್ನುಹುರಿಯ ಗಂಟು, ಟಾನ್ಸಿಲ್, ಸ್ಕ್ಯಾನಿಗೆ ಅಲುಗಾಡದೆ ಮಲಗಬೇಕಾದ ಮಗು. ಬೆನ್ನಿನ ಬುಡದಲ್ಲಿ ಕಾಡಲ್ ಚುಚ್ಚುಮದ್ದು ಕೊಟ್ಟು ಎಚ್ಚರವಾದ ಮೇಲೂ ನೋವಿಲ್ಲದಂತೆ ಮಾಡುವುದು, ಅಲ್ಟ್ರಾಸೌಂಡ್ ನೋಡುತ್ತಾ ನರದ ಪಕ್ಕಕ್ಕೆ ಮದ್ದು ತಲುಪಿಸುವುದು, ಕಾಣದ ರಕ್ತನಾಳಕ್ಕೆ ಸೂಜಿ ಹಾಕುವುದು. ಪ್ರತಿಯೊಂದೂ ಲಾಗ್‌ಬುಕ್ಕಿನಲ್ಲಿ ಬರೆದು ಹಿರಿಯರ ಸಹಿ ಪಡೆಯಬೇಕು.

ಇವುಗಳಲ್ಲಿ ಒಂದನ್ನು ಬಿಡಿಸಿ ಹೇಳುತ್ತೇನೆ, ನಮ್ಮ ಹಳ್ಳಿಗಳಿಗೆ ಅದು ಬಹಳ ಹತ್ತಿರದ್ದು. ಕಡಲೆಕಾಯಿ ಕಿತ್ತು ಒಕ್ಕುವ ಕಾಲ. ಎರಡು ವರ್ಷದ ಮಗು ಬೀಜ ಬಾಯಿಗೆ ಹಾಕಿಕೊಂಡು ಓಡುತ್ತಾ ನಗುತ್ತದೆ, ಬೀಜ ಉಸಿರುನಾಳಕ್ಕೆ ಇಳಿಯುತ್ತದೆ. ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಗುತ್ತದೆ. ಮನೆಯವರು ಹೋಯಿತು ಎಂದುಕೊಳ್ಳುತ್ತಾರೆ. ಬೀಜ ಒಳಗೆ ನೆನೆದು ಊದುತ್ತದೆ, ಅದರ ಎಣ್ಣೆ ಒಳಪೊರೆಯನ್ನು ಕೆರಳಿಸುತ್ತದೆ, ವಾರ ಕಳೆದ ಮೇಲೆ ಒಂದು ಕಡೆಯ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಂಡು ಜ್ವರ, ಉಬ್ಬಸ. ಅದನ್ನು ತೆಗೆಯಲು ಸರ್ಜನ್ನರು ಬ್ರಾಂಕೋಸ್ಕೋಪ್ ಎಂಬ ಲೋಹದ ಕೊಳವೆಯನ್ನು ಮಗುವಿನ ಉಸಿರುನಾಳಕ್ಕೇ ಇಳಿಸುತ್ತಾರೆ. ಅಂದರೆ ಅರಿವಳಿಕೆ ವೈದ್ಯರು ಉಸಿರು ಕೊಡಬೇಕಾದ ದಾರಿಯೂ ಸರ್ಜನ್ನರು ಕೆಲಸ ಮಾಡಬೇಕಾದ ದಾರಿಯೂ ಒಂದೇ, ಅದೂ ಕಿರುಬೆರಳಿನಷ್ಟು ಸಣ್ಣದು. ಮದ್ದು ಕಡಿಮೆಯಾದರೆ ಮಗು ಕೆಮ್ಮುತ್ತದೆ, ಧ್ವನಿಪೆಟ್ಟಿಗೆ ಬಿಗಿದುಕೊಳ್ಳುತ್ತದೆ. ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಸ್ನಾಯು ಸಡಿಲಿಸಿ ಗಾಳಿ ತಳ್ಳಿದರೆ ಬೀಜ ಇನ್ನೂ ಆಳಕ್ಕೆ ಹೋದೀತು ಎಂಬ ಅಂಜಿಕೆ. ಮಗು ತಾನಾಗಿ ಉಸಿರಾಡುತ್ತಲೇ ಗಾಢ ನಿದ್ದೆಯಲ್ಲಿರುವಂತೆ ನೋಡಿಕೊಳ್ಳುವುದು ಅನೇಕರು ಆರಿಸಿಕೊಳ್ಳುವ ದಾರಿ. ಚಿಮ್ಮಟದಲ್ಲಿ ಸಿಕ್ಕ ಬೀಜ ಗಂಟಲಿನ ಇಕ್ಕಟ್ಟಿನಲ್ಲಿ ಜಾರಿ ಬಿದ್ದರೆ ಎರಡೂ ಶ್ವಾಸಕೋಶಗಳ ದಾರಿ ಮುಚ್ಚಬಹುದು. ಆಗ ಅದನ್ನು ಮತ್ತೆ ಒಳಗೇ ಒಂದು ಪಕ್ಕಕ್ಕೆ ತಳ್ಳಿ, ಇನ್ನೊಂದು ಪಕ್ಕ ಉಸಿರಾಡುವಂತೆ ಮಾಡಬೇಕು. ಪುಸ್ತಕದಲ್ಲಿ ಇದು ನಾಲ್ಕು ಸಾಲು. ಎದುರಿಗೆ ಮಗು ನೀಲಿಯಾಗುತ್ತಿರುವಾಗ ಆ ನಾಲ್ಕು ಸಾಲು ನೆನಪಾಗಬೇಕಾದರೆ ಹಿಂದೆ ಹಲವು ಬಾರಿ ಹಿರಿಯರ ಪಕ್ಕದಲ್ಲಿ ನಿಂತಿರಬೇಕು. ಫೆಲೋಶಿಪ್ ಕೊಡುವುದು ಇದನ್ನೇ.

ಅದು ಕಲಿಸುವ ಇನ್ನೊಂದು ದೊಡ್ಡ ವಿದ್ಯೆ ‘ಇವತ್ತು ಬೇಡ’ ಎನ್ನುವುದು. ಜಠರದ ಬಾಯಿ ದಪ್ಪವಾಗಿ ಕುಡಿದ ಹಾಲನ್ನೆಲ್ಲ ಚಿಮ್ಮಿಸಿ ವಾಂತಿ ಮಾಡುವ ಒಂದು ತಿಂಗಳ ಕೂಸನ್ನು ಕಂಡರೆ ಎಲ್ಲರಿಗೂ ಆತುರ. ಆದರೆ ಅದರ ರಕ್ತದ ಲವಣಗಳನ್ನು ಡ್ರಿಪ್‌ನಿಂದ ಸರಿಪಡಿಸಿ, ಬೇಕಾದರೆ ಒಂದೆರಡು ದಿನ ಕಾದು, ಆಮೇಲೆ ಥಿಯೇಟರಿಗೆ ಒಯ್ಯುವುದೇ ಸುರಕ್ಷಿತ. ನೆಗಡಿ ಕೆಮ್ಮು ಇರುವ ಮಗುವಿನ ವಿಷಯ ಇನ್ನೂ ಕಷ್ಟದ್ದು. ಸಂತೆಬಾಚಹಳ್ಳಿ ಕಡೆಯಿಂದಲೋ ಮೇಲುಕೋಟೆಯಿಂದಲೋ ಮೊದಲ ಬಸ್ಸಿಗೆ ಹೊರಟು, ಕೂಲಿ ಬಿಟ್ಟು, ಸಾಲ ಮಾಡಿಕೊಂಡು ಬಂದ ತಂದೆಗೆ ಎರಡು ವಾರ ಬಿಟ್ಟು ಬನ್ನಿ ಎನ್ನುವುದು ಸುಲಭವಲ್ಲ. ಯಾವ ನೆಗಡಿಗೆ ಮುಂದೂಡಬೇಕು, ಯಾವುದಕ್ಕೆ ಎಚ್ಚರಿಕೆಯಿಂದ ಮುಂದುವರಿಯಬಹುದು ಎಂದು ತೂಗಿ ಹೇಳಬಲ್ಲವರು ಇದ್ದರೆ ಎಷ್ಟೋ ಕುಟುಂಬಗಳ ಎರಡನೇ ಪ್ರಯಾಣ ತಪ್ಪುತ್ತದೆ. ಉಪವಾಸದ ವಿಷಯವೂ ಹೀಗೆಯೇ. ರಾತ್ರಿಯಿಂದ ಏನೂ ಕೊಡಬೇಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವುದು ಹಳೆಯ ರೂಢಿ. ಮಗು ಅತ್ತು ಅತ್ತು ಸೊರಗಿ ಥಿಯೇಟರಿಗೆ ಬರುತ್ತದೆ. ರಾಗಿ ಸರಿ, ಹಸುವಿನ ಹಾಲು ಆದರೆ 6 ಗಂಟೆ, ತಾಯಿಹಾಲಾದರೆ 4 ಗಂಟೆ, ಬರೀ ಸಕ್ಕರೆ ನೀರಾದರೆ 2 ಗಂಟೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. 2018ರಲ್ಲಿ ಯುರೋಪಿನ ಮಕ್ಕಳ ಅರಿವಳಿಕೆ ಸಂಘಗಳು ತಿಳಿನೀರಿಗೆ ಒಂದೇ ಗಂಟೆ ಸಾಕು ಎಂದವು.

ತಂದೆತಾಯಿ ಇತ್ತೀಚೆಗೆ ಕೇಳುವ ಒಂದು ಪ್ರಶ್ನೆಯಿದೆ: ಮತ್ತು ಕೊಟ್ಟರೆ ಮಗುವಿನ ಬುದ್ಧಿ ಮಂಕಾಗುತ್ತದೆಯೇ? ಪ್ರಶ್ನೆಗೆ ಬುಡವಿದೆ, 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ದೀರ್ಘ ಅಥವಾ ಪದೇಪದೇ ಕೊಡುವ ಅರಿವಳಿಕೆಯ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಏಳು ದೇಶಗಳ 28 ಆಸ್ಪತ್ರೆಗಳಲ್ಲಿ 722 ಶಿಶುಗಳನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2019ರಲ್ಲಿ, ಒಂದು ಗಂಟೆಯೊಳಗಿನ ಒಂದು ಸಲದ ಅರಿವಳಿಕೆಯಿಂದ ಬುದ್ಧಿಮತ್ತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಿತು. ಇದನ್ನು ಕನ್ನಡದಲ್ಲಿ, ತಾಯಿಗೆ ಅರ್ಥವಾಗುವಂತೆ, ಅವಳ ಕೈಯಲ್ಲಿ ಮಗು ಇರುವಾಗಲೇ ಹೇಳಬಲ್ಲವರು ಬೇಕು.

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿಯತ್ತ ನೋಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ 30 ಬಗೆಯ ತೊಂದರೆಗಳನ್ನು ಹುಡುಕುತ್ತವೆ. ಸೀಳುತುಟಿ, ಸೊಟ್ಟಪಾದ, ಹುಟ್ಟು ಹೃದಯದೋಷ, ಕಣ್ಣಿನ ಪೊರೆ, ಬೆನ್ನುಹುರಿಯ ದೋಷ ಎಲ್ಲ ಅದರಲ್ಲಿವೆ. ಅವುಗಳಲ್ಲಿ ಎಷ್ಟೋ ಕಡೆಗೆ ಶಸ್ತ್ರಚಿಕಿತ್ಸೆಯ ಮೇಜಿಗೇ ಬಂದು ನಿಲ್ಲುತ್ತವೆ. ಹುಡುಕುವ ಕೆಲಸ ಹಳ್ಳಿಗೆ ಬಂದಿದೆ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಿಂದ ಸಹಕಾರಿ ಸಂಘದ ಸದಸ್ಯ ರೈತರ ಮನೆಯ ಶಸ್ತ್ರಚಿಕಿತ್ಸೆಗೆ ಹಣದ ದಾರಿಯೂ ತೆರೆಯಿತು. ಮಲಗಿಸುವ ಕೈ ಮಾತ್ರ ಅಷ್ಟು ಬೇಗ ಬರಲಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಅರಿವಳಿಕೆ ವೈದ್ಯರು ಸಾಲದಾದಾಗ ಕೇಂದ್ರ ಸರ್ಕಾರ ಎಂ.ಬಿ.ಬಿ.ಎಸ್. ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ರೂಪಿಸಿತು. ಅದು ಸಿಸೇರಿಯನ್ ಮಾಡಿಸಬೇಕಾದ ತಾಯಂದಿರಿಗಾಗಿ. ಅನೇಕ ತಾಯಂದಿರು ಅದರಿಂದ ಬದುಕಿದ್ದಾರೆ, ಅದರ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆ ತಾಯಿ ಹೆತ್ತ ಕೂಸಿಗೆ ಕರುಳು ಕಟ್ಟಿಕೊಂಡಿದ್ದರೆ ಅದೇ ಆಸ್ಪತ್ರೆ ಕೈಚೆಲ್ಲಬೇಕಾಗುತ್ತದೆ.

2023ರ ಮಾರ್ಚ್ 12ರಂದು ನಮ್ಮ ಜಿಲ್ಲೆಯ ಗೆಜ್ಜಲಗೆರೆಯಲ್ಲೇ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಿಂದ ದೂರ ಕಿರಿದಾಯಿತು ಎನ್ನುವವರಿದ್ದಾರೆ. ಶ್ರೀರಂಗಪಟ್ಟಣಕ್ಕೆ ನಿಜ. ಆದರೂ ರಸ್ತೆಯ ವೇಗ ಎಲ್ಲಕ್ಕೂ ಉತ್ತರವಾಗದು. ಆಂಬ್ಯುಲೆನ್ಸಿನಲ್ಲಿ ತಣ್ಣಗಾದ ನವಜಾತ ಶಿಶು ಬೆಂಗಳೂರು ತಲುಪುವ ಹೊತ್ತಿಗೆ ಆಪರೇಷನ್ನಿಗೆ ಯೋಗ್ಯವಾಗಿ ಉಳಿದಿರಬೇಕು. ತೀರಾ ಚಿಕ್ಕ, ತೀರಾ ಜಟಿಲವಾದ ಕೂಸುಗಳು ದೊಡ್ಡ ಕೇಂದ್ರಕ್ಕೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. 2007ರ ನವೆಂಬರಿನಲ್ಲಿ ಬೆಂಗಳೂರಿನ ಸ್ಪರ್ಶ್ ಆಸ್ಪತ್ರೆಯಲ್ಲಿ ಬಿಹಾರದ ಎರಡು ವರ್ಷದ ಮಗುವಿಗೆ ಅಂಟಿಕೊಂಡಿದ್ದ ಅವಳಿಯ ಅಂಗಗಳನ್ನು ಬೇರ್ಪಡಿಸಲು ಸುಮಾರು 27 ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆ ಪುಟ್ಟ ದೇಹದ ಉಸಿರು, ರಕ್ತ, ಬಿಸಿಯನ್ನು ಕಾಯುವ ತಂಡವನ್ನು ಪ್ರತಿ ಜಿಲ್ಲೆಯಲ್ಲೂ ಕಟ್ಟಲಾಗದು. ಅಂಡವಾಯು, ಸೀಳುತುಟಿ, ಸೊಟ್ಟಪಾದ, ಟಾನ್ಸಿಲ್, ಮುರಿದ ಮೊಣಕೈ ಇವುಗಳಿಗೆ ಮಂಡ್ಯದ ಮಗು ಮಂಡ್ಯ ಬಿಟ್ಟು ಹೋಗಬೇಕಾಗಿಲ್ಲ.

ಆದ್ದರಿಂದ ಫೆಲೋಶಿಪ್ ನಡೆಸುವವರ ಮುಂದೆ ನನ್ನದೊಂದು ಸ್ಪಷ್ಟವಾದ ಕೋರಿಕೆಯಿದೆ. ತರಬೇತಿಯ ಒಂದು ಭಾಗವನ್ನು ಬಿ.ಜಿ. ನಗರದಲ್ಲೋ ಮಿಮ್ಸ್‌ನಲ್ಲೋ ಕಳೆಯುವಂತಿರಲಿ. ಬೆಂಗಳೂರಿನ ಥಿಯೇಟರಿನಲ್ಲಿ ಎಲ್ಲ ಅಳತೆಯ ಕೊಳವೆಯೂ ಕೈಗೆಟಕುತ್ತದೆ, ಕರೆದರೆ ಹಿರಿಯರು ಪಕ್ಕದ ಕೋಣೆಯಿಂದ ಬರುತ್ತಾರೆ. ಜಿಲ್ಲೆಯಲ್ಲಿ ಟ್ರಾಲಿಯನ್ನು ತಾನೇ ಜೋಡಿಸಬೇಕು: ಎರಡೂವರೆಯಿಂದ ಐದೂವರೆ ಮಿಲಿಮೀಟರ್‌ವರೆಗಿನ ಕೊಳವೆಗಳು, ಪುಟ್ಟ ಮಾಸ್ಕ್‌ಗಳು, ಬೆಚ್ಚಗಿಡುವ ಹಾಸು, ಮಗುವಿನ ಬೆರಳಿಗೆ ಕೂರುವ ಆಕ್ಸಿಮೀಟರ್ ಕ್ಲಿಪ್. ಅದನ್ನು ಜೋಡಿಸಿ, ನರ್ಸ್‌ಗಳಿಗೂ ಟೆಕ್ನಿಷಿಯನ್ನರಿಗೂ ಕಲಿಸಿ ಬಂದ ಫೆಲೋ ತನ್ನ ಪಾಠವನ್ನೂ ಪೂರ್ಣ ಮಾಡಿಕೊಂಡಿರುತ್ತಾರೆ. ಇತ್ತ ಈ ಎರಡು ಆಸ್ಪತ್ರೆಗಳು ವಾರದಲ್ಲಿ ಒಂದು ದಿನವನ್ನು ಮಕ್ಕಳ ಆಪರೇಷನ್ನಿಗೆಂದೇ ಮೀಸಲಿಡಬೇಕು. ಹರಿದು ಹಂಚಿದ ಕೇಸುಗಳಿಂದ ಯಾರ ಕೈಯೂ ಪಳಗುವುದಿಲ್ಲ. ಒಂದೇ ದಿನ ಸಾಲಾಗಿ ಬಂದರೆ ಪಳಗುತ್ತದೆ.

ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೆ ಇದರಲ್ಲಿ ಪಾಲಿರಬೇಕು. ಅವರು ಕೂಸಿಗೆ ಮತ್ತು ಕೊಡಬೇಕಾಗಿಲ್ಲ. ಕಳಿಸುವ ಮುನ್ನ ಬೆಚ್ಚಗೆ ಸುತ್ತುವುದು, ಗ್ಲೂಕೋಸ್ ಇರುವ ಡ್ರಿಪ್ ಹಾಕುವುದು, ಹೊಟ್ಟೆಯ ನೀರು ಉಸಿರುನಾಳಕ್ಕೆ ಹೋಗದಂತೆ ಮೂಗಿನ ಮೂಲಕ ನಳಿಕೆ ಇಳಿಸುವುದು, ಚೀಲ ಮತ್ತು ಮಾಸ್ಕ್ ಹಿಡಿದು ಉಸಿರು ಕೊಡುವುದು, ಹೊರಟ ತಕ್ಷಣ ಅತ್ತಲಿನವರಿಗೆ ಫೋನ್ ಮಾಡುವುದು ಇಷ್ಟು ಬಂದರೆ ಸಾಕು. ಇದನ್ನು ಕಲಿಸಲು ಒಂದು ಬೆಳಗು, ಒಂದು ಗೊಂಬೆ, ಒಬ್ಬ ಫೆಲೋ ಬೇಕು. ಕೆ.ಆರ್. ಪೇಟೆಯಿಂದ ಶುರುಮಾಡಬಹುದು. ನಾಲ್ಕರಲ್ಲಿ ಮಂಡ್ಯಕ್ಕೆ ಹೆಚ್ಚು ದೂರ ಇರುವುದು ಅದೇ.